ಮಾಳಸಿದ್ದನ ತಪ್ಪುಕಾಣಿಕೆ

ಅಂಕಲಿಯ ಮಾಳಸಿದ್ದ ಹುಟ್ಟಿದ್ದು ಕುರಿಹಿಂಡಿನ ನಡುವೆ, ಬೆಳೆದದ್ದು ಹಿಂಡಿನ ಹಿಂದೆ. ನಲವತ್ತು ದಾಟಿದ ಮೇಲೆ ಕಾಲು ಸೋತು, ಊರಲ್ಲೇ ನಿಂತು ಕಂಬಳಿ ನೇಯತೊಡಗಿದ. ಹೆಂಡತಿ ಸತ್ತೆವ್ವ ನೂಲು ತೆಗೆಯುತ್ತಿದ್ದಳು, ಇವನು ಮಗ್ಗಕ್ಕೆ ಕೂರುತ್ತಿದ್ದ. ದೇವರಿಗೆ ಅಂಜುವ ಮನುಷ್ಯ. ಅತಿಯಾಗಿ ಅಂಜುತ್ತಿದ್ದ, ಅದೇ ಅವನ ಮನೆ ಹಾಳು ಮಾಡಿತು.

ಎಂಬತ್ತೇಳರ ಶ್ರಾವಣದಲ್ಲಿ ಸತ್ತೆವ್ವನ ಗಂಟಲಲ್ಲಿ ಗಡ್ಡೆಯೊಂದು ಎದ್ದಿತು. ರೊಟ್ಟಿ ಇಳಿಯದಾಯಿತು. ಚಿಕ್ಕೋಡಿ ಹಾದಿಯಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಸಣ್ಣ ದವಾಖಾನೆಗೆ ಗಂಡಹೆಂಡತಿ ಹೋದರು. ಮಂಗಳೂರು ಕಡೆಯ ಸಿಸ್ಟರು ಗಡ್ಡೆ ಮುಟ್ಟಿ ನೋಡಿ, "ತಡ ಮಾಡಬೇಡಿ. ನಾಳೆಯೇ ಮಿರಜಿನ ದೊಡ್ಡಾಸ್ಪತ್ರೆಗೆ ಹೋಗಿ. ಕೊಯ್ದು ತೆಗೆಯಬೇಕಾಗುತ್ತದೆ" ಎಂದು ಚೀಟಿ ಬರೆದುಕೊಟ್ಟರು.

ಗೋಡೆಯ ಮೇಲೊಂದು ಪಟವಿತ್ತು. ಬಿಳಿ ಗಡ್ಡದ ಮುದುಕ, ಒಂದು ಕೈಯಲ್ಲಿ ತುದಿ ಬಾಗಿದ ಕೋಲು, ಇನ್ನೊಂದರಲ್ಲಿ ಕಬ್ಬಿಣದ ಹಲ್ಲುಗಳ ಹಣಿಗೆ, ಕಾಲ ಬಳಿ ಕತ್ತರಿಯಂತೆ ಒಂದರ ಮೇಲೊಂದು ಅಡ್ಡವಾಗಿಟ್ಟ ಎರಡು ಮೇಣದಬತ್ತಿ.

"ಇವ್ರ ಯಾರ್ರಿ ಬಾಯಾರ? ಕುರಿ ಕಾಯೋ ಅಜ್ಜನಂಗ ಅದಾರಲ್ರಿ!" ಎಂದ ಮಾಳಸಿದ್ದ.

"ಸಂತ ಬ್ಲೇಸ್. ಗಂಟಲು ಕಾಯುವವರು. ಮೀನಿನ ಮುಳ್ಳು ಸಿಕ್ಕಿ ಸಾಯುತ್ತಿದ್ದ ಹುಡುಗನನ್ನು ಬದುಕಿಸಿದರು. ನಂಬಿಕೆ ಬಿಡಲಿಲ್ಲವೆಂದು, ಉಣ್ಣೆ ಹಿಕ್ಕುವ ಆ ಹಣಿಗೆಯಿಂದ ಅವರ ಮೈ ಸೀಳಿ, ಕೊನೆಗೆ ತಲೆ ಕಡಿದರು."

ಉಣ್ಣೆಯ ಹಣಿಗೆ! ಮಾಳಸಿದ್ದ ಮತ್ತೆ ಪಟದತ್ತ ನೋಡಿದ. ಅದು ಉಣ್ಣೆಯವರ ಮನೆಯಲ್ಲಲ್ಲದೆ ಮತ್ಯಾರ ಮನೆಯಲ್ಲಿರುತ್ತದೆ? ಗಂಟಲು ಕಾಯುವ ದೇವರನ್ನು ನಮ್ಮ ಕಸುಬಿನವರೇ ಕೊಂದಿದ್ದಾರೆ, ಅದಕ್ಕೇ ನಮ್ಮ ಮನೆಯ ಗಂಟಲು ಹಿಡಿದಿದ್ದಾನೆ ಎಂದು ತೀರ್ಮಾನಿಸಿಬಿಟ್ಟ. ಯಾರನ್ನೂ ಕೇಳಲಿಲ್ಲ, ಪುಣ್ಯಾತ್ಮ!

ಬಸ್ಸಿನಲ್ಲಿ ಸತ್ತೆವ್ವ, "ನಾಳೆ ಮಿರಜಿಗಿ ಹೋಗೂಣೇನ್ರಿ?" ಅಂದಳು.

"ಮೊದಲ ಆ ಅಜ್ಜಗ ತಪ್ಪುಕಾಣಿಕಿ ಒಪ್ಪಸ್ಬೇಕು ಬೇ. ಕಬ್ಬಣದ್ಲೆ ಸತ್ತಾಂವ ಅಂವ. ತಪ್ಪ ತೀರೂತನಕ ನಿನ್ನ ಗಂಟಲಕ್ಕ ಕಬ್ಬಣ ಮುಟ್ಟಸಬಾರ್ದು."

ತಪ್ಪುಕಾಣಿಕೆ ಎಂದರೆ ಒಂದು ಕಂಬಳಿ. ಕಬ್ಬಿಣ ಸೋಕಬಾರದೆಂದು ಕುರಿಯ ಮೈಯ ಉಣ್ಣೆ ಕತ್ತರಿಸುವುದನ್ನೂ ಬಿಟ್ಟ. ಮುಳ್ಳುಬೇಲಿಗೆ ಸಿಕ್ಕಿ ಉಳಿದ ಉಣ್ಣೆಯನ್ನು ಊರೂರು ಅಲೆದು ಆರಿಸಿ ತಂದು, ಬೆರಳಿನಿಂದಲೇ ಬಿಡಿಸಿದ. ನೂಲು ತೆಗೆದವಳು ಸತ್ತೆವ್ವ. ಅಂಬಲಿಯೂ ಇಳಿಯದ ಗಂಟಲು ಹಿಡಿದುಕೊಂಡು ಆ ನೂಲನ್ನು ಅವಳೇ ತೆಗೆದಳು. ನೆನೆದರೆ ಹೊಟ್ಟೆ ಉರಿಯುತ್ತದೆ. ಕಂಬಳಿ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು.

ಅದನ್ನು ಹೊತ್ತು ಇಬ್ಬರೂ ದವಾಖಾನೆಗೆ ಬಂದಾಗ ಸಿಸ್ಟರು ಸತ್ತೆವ್ವನ ಗಂಟಲು ನೋಡಿ ಗಾಬರಿಯಾದರು. ಮಿರಜಿಗೆ ಏಕೆ ಹೋಗಲಿಲ್ಲವೆಂದು ಕೇಳಿದರು. ಮಾಳಸಿದ್ದ ಎಲ್ಲ ಹೇಳಿದ.

"ಅಯ್ಯೋ ದೇವರೇ! ಉಣ್ಣೆಯವರಲ್ಲಪ್ಪ, ಕೊಂದವರು ಸರಕಾರದ ಸಿಪಾಯಿಗಳು! ಉಣ್ಣೆಯವರನ್ನು ಕಾಯುವ ಸಂತ ಅವರು. ನಿಮ್ಮಿಂದ ಯಾವ ತಪ್ಪುಕಾಣಿಕೆಯೂ ಬೇಕಿರಲಿಲ್ಲ."

ಸತ್ತೆವ್ವ ಗಂಡನ ಕಡೆ ತಿರುಗಿದಳು. ಏನೋ ಹೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ.

ಮಿರಜಿನ ಡಾಕ್ಟರು, ಇನ್ನು ಕೊಯ್ದು ಉಪಯೋಗವಿಲ್ಲ ಎಂದರು. ಮಾಘ ಮುಗಿಯುವುದರೊಳಗೆ ಸತ್ತೆವ್ವ ಹೋಗಿಬಿಟ್ಟಳು.

ಮಣ್ಣು ಕೊಡಲು ಬಂದಿದ್ದ ಸೋದರಳಿಯ ಲಗಮಪ್ಪ, "ಆಕಿ ಹಣಿಬರಾ ಅಷ್ಟ ಇತ್ತೋ ಮಾವಾ, ಸಮಾಧಾನ ಮಾಡ್ಕೋ" ಎಂದ.

"ಹಣಿಬರಾ ಅಲ್ಲಲೇ," ಎಂದ ಮಾಳಸಿದ್ದ. "ಆ ಅಜ್ಜನ್ನ ಸಿಪಾಯಿಗೋಳು ಕೊಂದ್ರು. ಇಕಿನ್ನ ನಾ ಕೊಂದೆ."