ಹಳೀ ಭರಣಿ ನನಗಿರಲಿ

ಮೊನ್ನೆ ಬೆಳಿಗ್ಗೆ ಚಹಾ ಮಾಡಿಕೊಳ್ಳಲು ಹೋದರೆ ಸಕ್ಕರೆ ಡಬ್ಬಿಯ ಸುತ್ತ ಅರಿಸಿನದ ಗೆರೆ! "ಇರುವಿ ಬರಾಕತ್ತಿದ್ದುವ್ರಿ ಅತ್ತಿ, ಫೋನಿನ್ಯಾಗ ನೋಡಿ ಹಾಕೇನಿ" ಎಂದಳು ಸೊಸೆ. ಡಾಕ್ಟರು ನನಗೆ ಸಕ್ಕರೆ ಬಿಡಿಸಿ ವರ್ಷಗಳಾದವು. ನಾನು ಮೊದಲು ನೋಡಿದ್ದು ಇರುವೆಯನ್ನಲ್ಲ, ನನ್ನ ಬೆರಳನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ನೀವು ನಗುತ್ತೀರಿ, ನಗಿರಿ. ಈ ಸಂಶಯದ ರೋಗ ನನಗೆ ನನ್ನ ಅತ್ತೆಯ ಅಡುಗೆಮನೆಯಲ್ಲಿ ಅಂಟಿದ್ದು.

ಎಪ್ಪತ್ತರ ದಶಕದ ಮಾತು. ಮೋರಟಗಿಯ ನನ್ನನ್ನು ಗೊಳಸಂಗಿಗೆ ಕೊಟ್ಟಿದ್ದರು. ಮನೆಯವರು ಆಲಮಟ್ಟಿಯ ಆಣೆಕಟ್ಟಿನ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ನಾನು, ಅತ್ತೆ, ಒಬ್ಬರನ್ನೊಬ್ಬರು ಕಾಯುತ್ತ ಕೂತಿರುತ್ತಿದ್ದೆವು. ಅತ್ತೆಯ ಹತ್ತಿರ ಎಲ್ಲದಕ್ಕೂ ಮದ್ದಿತ್ತು. ತೊಗರಿಗೆ ಔಡಲೆಣ್ಣೆ, ಜೋಳಕ್ಕೆ ಬೇವಿನೆಲೆ, ಹೆಸರಿಗೆ ಬೂದಿ. ನನಗೆ ಒಂದರ ಮೇಲೂ ನಂಬಿಕೆಯಿರಲಿಲ್ಲ. ಬೆಲ್ಲದ ಗಡಿಗೆಯ ಸುತ್ತಲಿನ ಅರಿಸಿನ ಇರುವೆಗಲ್ಲ, ನನ್ನ ಬೆರಳಿಗೆ. ಹೆಸರಿನ ಮೇಲೆ ನುಣ್ಣಗೆ ಸವರಿದ ಬೂದಿ ಹುಳುವಿಗಲ್ಲ, ಕೈ ಹಾಕಿದವರ ಗುರುತು ಹಿಡಿಯಲಿಕ್ಕೆ ಎಂದೇ ತಿಳಿದಿದ್ದೆ. ಆಕೆಯೂ ಕಡಿಮೆಯವಳಲ್ಲ. ತಾನು ಮೊದಲು ಮೂಸಿ ನೋಡದೆ ಯಾವ ಪಾತ್ರೆಯನ್ನೂ ಇನ್ನೊಬ್ಬರಿಗೆ ತೆರೆಯಗೊಡುತ್ತಿರಲಿಲ್ಲ.

ಮೊದಲ ವರ್ಷದ ಮಾವಿನ ಉಪ್ಪಿನಕಾಯಿಯನ್ನು ಇಬ್ಬರೂ ಕೂಡಿ, ಅತ್ತೆ ತವರಿನಿಂದ ತಂದ ಭರಣಿಗೆ ಹಾಕಿದೆವು. ನಾಗರಪಂಚಮಿಗೆ ಅತ್ತೆಯ ನಾದಿನಿ ಬಾಗೇವಾಡಿಯಿಂದ ತವರಿಗೆ ಬಂದರು. ಭರಣಿ ತೆರೆದರೆ ಎಣ್ಣೆ ಇಳಿದುಹೋಗಿ ಹೋಳುಗಳಿಗೆಲ್ಲ ಬಿಳಿ ಬೂಷ್ಟು.

"ವೈನಿ, ನಿಮ್ಮ ಕೈಯಾಗ ಎಂದರ ಹಿಂಗಾಗಿತ್ತೇನು? ಇದು ಹೊಸಾ ಕೈಯ ಗುಣ. ಬಿತ್ತೂ ಬೀಜಕ್ಕರ ಇಕಿ ಕೈ ಹಚ್ಚಗೊಡಬ್ಯಾಡ್ರಿ" ಎಂದರು ಬಾಗೇವಾಡಿಯವರು.

ಕೆಟ್ಟ ಕೈ ಎಂದು ಒಮ್ಮೆ ಹೆಸರು ಬಿದ್ದರೆ ನಮ್ಮ ಕಡೆ ಆ ಕೈ ಬೆಣ್ಣೆ ಮುಟ್ಟುವಂತಿಲ್ಲ, ಬೀಜ ಮುಟ್ಟುವಂತಿಲ್ಲ, ಬಾಣಂತಿಯ ಮನೆಯ ತೊಟ್ಟಿಲೂ ತೂಗುವಂತಿಲ್ಲ. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಿತ್ತನೆಯ ದಿನ ಮನೆಯ ಹೆಣ್ಣುಮಗಳು ಮೊದಲ ಬೊಗಸೆ ಬೀಜ ಕೊಡುವ ಪದ್ಧತಿ. ಅಂದು "ನೀ ದನದ ಕಡೆ ನೋಡು" ಎಂದು ನನ್ನನ್ನು ಹಿತ್ತಲಿಗೆ ಕಳಿಸಿದರು. ಎಮ್ಮೆಯ ಪಕ್ಕದಲ್ಲಿ ನಿಂತು ಕಣ್ಣೀರು ಹಾಕಿದೆ. ನನ್ನ ಕೈಯನ್ನು ನಾನೇ ತಿರುಗಿಸಿ ನೋಡಿಕೊಂಡೆ. ಅತ್ತೆಯನ್ನು ಅಂದು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅತ್ತೆ ಮುದ್ದೇಬಿಹಾಳದ ಸಂತೆಯಿಂದ ಹೊಸ ಭರಣಿ ತರಿಸಿದರು.

"ಈ ಸಲ ಬ್ಯಾರೆ ಬ್ಯಾರೆ ಹಾಕೂಣು. ನೀ ಹೊಸಾದು ತಗೋ. ಹಳೀ ಭರಣಿ ನನಗಿರಲಿ."

ಅದೇ ಮಾವು, ಅದೇ ಉಪ್ಪು, ಅದೇ ಎಣ್ಣೆ. ಎರಡೂ ಭರಣಿಗಳನ್ನು ಕೆಂಡದ ಮೇಲಿನ ಇಂಗಿನ ಹೊಗೆಗೆ ಬೋರಲು ಹಾಕಿದ್ದೂ ಒಟ್ಟಿಗೇ. ಪಳಗಿದ ಭರಣಿ ತನಗಿಟ್ಟುಕೊಂಡು ಪಳಗದ್ದನ್ನು ನನ್ನ ತಲೆಗೆ ಕಟ್ಟಿದರು, ಊರ ಮುಂದೆ ನನ್ನನ್ನು ಸೋಲಿಸಲಿಕ್ಕೇ ಈ ಆಟ ಎಂದುಕೊಂಡೆ. ನನ್ನ ಭರಣಿಯ ಬಾಯಿಬಟ್ಟೆಗೆ ಬೇರೆ ಯಾರೂ ಬಿಚ್ಚಿ ಕಟ್ಟಲಾರದಂಥ ಗಂಟು ಹಾಕಿದೆ.

ಪಂಚಮಿಗೆ ಬಾಗೇವಾಡಿಯವರು ಬಂದರು. ಅತ್ತೆ ಎರಡೂ ಭರಣಿಗಳನ್ನು ಪಡಸಾಲೆಗೆ ತಂದು, ನೆರೆಮನೆಯ ಹೆಂಗಸರ ಎದುರಿಗೇ, "ನೀನ ಬಿಚ್ಚವ್ವ" ಎಂದು ನಾದಿನಿಗೆ ಹೇಳಿದರು. ನನ್ನ ಗಂಟು ಬಿಚ್ಚಲು ಪಾಪ ಅವರು ಬಹಳ ಒದ್ದಾಡಿದರು. ಒಳಗೆ ಕೆಂಪಗೆ ಎಣ್ಣೆ ತೇಲುತ್ತಿತ್ತು. ಅತ್ತೆಯದನ್ನು ತೆರೆದರೆ ಮತ್ತೆ ಬೂಷ್ಟು.

"ಹಂಗಾರ ಕೆಟ್ಟ ಕೈ ನಂದ ಇರಬೇಕು ಬಿಡವ್ವ. ಇನ್ನ ಮ್ಯಾಲ ಬೀಜಾ ಸೊಸಿ ಕೊಡ್ಲಿ" ಎಂದರು ಅತ್ತೆ.

ಅಂದಿನಿಂದ ಬೀಜ ಕೊಡುವವಳು ನಾನಾದೆ. ಬಿತ್ತನೆಯ ದಿನ ಅತ್ತೆ ತಾವಾಗಿಯೇ ದನದ ಕಡೆ ಹೋಗುತ್ತಿದ್ದರು. ವಯಸ್ಸಾಯಿತಲ್ಲ, ಸಾಕೆನಿಸಿರಬೇಕು ಎಂದುಕೊಂಡಿದ್ದೆ.

ಅವರು ತೀರಿಕೊಂಡ ಮೇಲೆ ಆ ಹಳೆಯ ಭರಣಿಯನ್ನು ತೊಳೆಯಲು ಅಟ್ಟದಿಂದ ಇಳಿಸಿದೆ. ತಳದ ಹತ್ತಿರ ಕೂದಲಿನಂಥ ಸೀಳು. ಅದರ ಮೇಲೆ ಸುಣ್ಣ, ಬೆಲ್ಲ ಕಲಸಿ ಮೆತ್ತಿದ್ದು ಕಲ್ಲಾಗಿತ್ತು. ಸೋರುವ ಕೊಡಕ್ಕೆ ಅತ್ತೆ ಮಾಡುತ್ತಿದ್ದ ಮದ್ದು. ಆ ಸುಣ್ಣದ ಮೇಲೆ ಎಣ್ಣೆ ಇಳಿದ ಕಲೆ. ಮೊದಲ ವರ್ಷ ಎಣ್ಣೆ ಸೋರಿಹೋಗಿ ಹೋಳು ಬತ್ತಲಾಗಿದ್ದಕ್ಕೇ ಬೂಷ್ಟು ಬಂದದ್ದು. ಸುಣ್ಣದ ಮೇಲೂ ಎಣ್ಣೆ ಇಳಿದಿದೆಯೆಂದರೆ, ಎರಡನೆಯ ವರ್ಷ ಭರಣಿಗೆ ಉಪ್ಪಿನಕಾಯಿ ತುಂಬುವ ಮೊದಲೇ ಅತ್ತೆಗೆ ಸೀಳು ಗೊತ್ತಿತ್ತು.

"ಸೀಳ ಮುಚ್ಚೇತಿ ಅಂತ ನಂಬಿರಬೇಕು ಬಿಡು" ಎಂದರು ನಮ್ಮ ಮನೆಯವರು. ಇರಬಹುದು. ಆದರೆ ಮೂಸದೆ ಮಜ್ಜಿಗೆಯನ್ನೂ ಇನ್ನೊಬ್ಬರ ಮುಂದಿಡದ ಹೆಂಗಸು, ಆ ಭರಣಿಯನ್ನು ನೆರೆದವರ ಎದುರು ನಾದಿನಿಯ ಕೈಯಲ್ಲಿ ತೆರೆಸಿದ್ದು ಯಾಕೆ? ಸೀಳನ್ನೇ ತೋರಿಸಬಹುದಿತ್ತಲ್ಲ ಎನ್ನುತ್ತೀರಾ? ತೋರಿಸಿದ್ದರೆ ಭರಣಿ ಒಡೆದವಳೂ ನಾನೇ ಆಗುತ್ತಿದ್ದೆ. ಬಾಗೇವಾಡಿಯವರ ನಾಲಿಗೆ ನನಗಿಂತ ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

ನಿನ್ನೆ ನಮ್ಮ ಹೊಲಕ್ಕೆ ಬೀಜ ಹೊರಟಿತು. ಸೊಸೆಯನ್ನು ಕರೆದು ಬೊಗಸೆ ಒಡ್ಡು ಎಂದೆ. ಅವಳು ಹಿಂಜರಿದಳು.

"ನೀವ ಕೊಡ್ರಿ ಅತ್ತಿ. ನಿಮ್ಮ ಕೈ ಚಲೋ ಐತಿ ಅಂತ ಊರೆಲ್ಲಾ ಅಂತೈತಿ."

"ಈ ಚಲೋ ಕೈ ನಂದಲ್ಲವ್ವ, ನಮ್ಮತ್ತಿದು" ಎಂದು ಅವಳ ಬೊಗಸೆಗೆ ಬೀಜ ಸುರಿದೆ.