ಬಣ್ಣದ ಓಟದಲ್ಲಿ ಹಿಡಿದ ಕೈ

ಬಿಳಿ ಬಟ್ಟೆಯನ್ನು ಬೆಳ್ಳಗೇ ಉಳಿಸಿಕೊಳ್ಳುವ ಸಾಧನೆಗಾಗಿ ಆಯುಷ್ಯದ ಸಾಕಷ್ಟು ಭಾಗವನ್ನು ಸೋಪು, ನೀಲಿ ಮತ್ತು ಬಿಸಿಲಿಗೆ ಧಾರೆಯೆರೆದವಳು ನಾನು. ಅಂಥವಳು ನಿವೃತ್ತಿಯ ಎರಡನೆಯ ವರ್ಷದಲ್ಲಿ, ಹೊಚ್ಚಹೊಸ ಬಿಳಿ ಟೀ ಶರ್ಟು ತೊಟ್ಟು, ಅದನ್ನು ಪರರ ಕೈಯಿಂದ ಹಾಳುಮಾಡಿಸಿಕೊಳ್ಳಲೆಂದೇ ಭಾನುವಾರ ಬೆಳಗ್ಗೆ ಆರಕ್ಕೆ ಆಟೊ ಹತ್ತಿದೆನೆಂದರೆ, ಅದಕ್ಕೆ ನೀವು ವಿಧಿಯನ್ನಾದರೂ ದೂರಬಹುದು, ನನ್ನ ಗೆಳತಿ ಗಿರಿಜಾಳನ್ನಾದರೂ ದೂರಬಹುದು. ನಾನಂತೂ ಗಿರಿಜಾಳನ್ನೇ ದೂರುತ್ತೇನೆ. ವಿಧಿ ನನ್ನ ಮೊಬೈಲಿಗೆ ದಿನಕ್ಕೆ ಹತ್ತು ಸಂದೇಶ ಕಳಿಸುವುದಿಲ್ಲ.

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಗಿರಿಜಾ, ಸುಶೀಲಾ ಮತ್ತು ನಾನು ಹದಿನಾಲ್ಕು ವರ್ಷ ಒಟ್ಟಿಗೆ ಸುತ್ತು ಹಾಕಿದವರು. ಈಚಿನ ಎಂಟು ತಿಂಗಳಿಂದ ಮಾತ್ರ ಗಿರಿಜಾ ಒಂದು ದಿನ ನನ್ನ ಜೊತೆ, ಮರುದಿನ ಸುಶೀಲಾಳ ಜೊತೆ ನಡೆಯುತ್ತಿದ್ದಳು. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ವಾಯುವಿಹಾರಕ್ಕೆ ಹೊರಟ ನಮ್ಮಂಥ ಹೆಂಗಸರ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುವುದನ್ನು ನೀವೂ ನೋಡಿರುತ್ತೀರಿ. ಯಾರ ಕಾಂಪೌಂಡಿನಿಂದಲಾದರೂ ಸರಿ, ರಸ್ತೆಗೆ ಬಾಗಿದ ಹೂವೆಲ್ಲ ನಮ್ಮ ಮನೆಯ ದೇವರದ್ದು ಎಂಬುದು ನಮ್ಮ ಅಲಿಖಿತ ಶಾಸನ. ಸುಶೀಲಾಳ ಗೇಟಿನ ನಂದಿಬಟ್ಟಲನ್ನು ನಾನು ವರ್ಷಗಟ್ಟಲೆ ಕೇಳದೆಯೇ ಕಿತ್ತಿದ್ದೆ. ಒಂದು ಬೆಳಗ್ಗೆ ಆ ಗಿಡದಲ್ಲಿ ‘ದಯವಿಟ್ಟು ಹೂ ಕೀಳಬೇಡಿ’ ಎಂಬ ಬೋರ್ಡು ನೇತಾಡುತ್ತಿತ್ತು. ಬೋರ್ಡಿನಲ್ಲಿ ನನ್ನ ಹೆಸರಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವ್ಯಂಗ್ಯಾರ್ಥ ಕಲಿಸಿದ ಕನ್ನಡ ಮೇಡಂಗೆ ಹೆಸರು ಬೇರೆ ಬೇಕೆ? ಅಂದಿನಿಂದ ಆ ರಸ್ತೆಯನ್ನೇ ಬಿಟ್ಟೆ. ನೋಡಿ, ಹೂ ಕಿತ್ತವಳೂ ನಾನೇ, ಮುನಿಸಿಕೊಂಡವಳೂ ನಾನೇ.

ಮೂರು ತಿಂಗಳ ಮೇಲೆ ಸುಶೀಲಾಳ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಪಾರ್ಕಿನ ಗೆಳತಿಯರೆಲ್ಲ ಎಳನೀರು, ಸೇಬು ಹಿಡಿದು ಹೋಗಿ ನೋಡಿಬಂದರು. ನಾನು ನೋಡಲಿಲ್ಲ. ಅವರೇನೋ ದೇವರ ದಯೆಯಿಂದ ಚೇತರಿಸಿಕೊಂಡರು, ನನ್ನ ಸಿಟ್ಟೂ ಅಷ್ಟರಲ್ಲಿ ಇಳಿದಿತ್ತು. ಆದರೆ ಕಷ್ಟಕಾಲದಲ್ಲಿ ಹೋಗಿ ಮಾತಾಡಿಸದವಳು ಆಮೇಲೆ ಯಾವ ಮುಖ ಹೊತ್ತು ಹೋಗುವುದು? ಹೀಗಿರುವಾಗಲೇ, ಬರುವ ತಿಂಗಳು ಅವರು ಮನೆ ಖಾಲಿ ಮಾಡಿಕೊಂಡು ಕೆಂಗೇರಿಗೆ ಹೊರಟಿದ್ದಾರೆಂದು ಗಿರಿಜಾ ಹೇಳಿದಳು. ಒಂದೇ ಪಾರ್ಕಿನಲ್ಲಿದ್ದೂ ಆಡದ ಮಾತನ್ನು ಅಷ್ಟು ದೂರ ಹುಡುಕಿಕೊಂಡು ಹೋಗಿ ಆಡುವವಳಲ್ಲ ನಾನು. ಈಗ ಬಿಟ್ಟರೆ ಅವಳನ್ನು ಶಾಶ್ವತವಾಗಿ ಬಿಟ್ಟಂತೆಯೇ. ಅದನ್ನು ಬಲ್ಲ ಗಿರಿಜಾ ಮೂವರ ಹೆಸರನ್ನೂ ಈ ಬಣ್ಣದ ಓಟಕ್ಕೆ ಬರೆಸಿ, “ಮಧ್ಯದಲ್ಲಿ ನಾನಿರ್ತೀನಿ, ನೀವಿಬ್ರೂ ಮುಖ ನೋಡ್ಕೋಬೇಕಾಗಿಲ್ಲ” ಎಂದು ಅಭಯವಿತ್ತಳು.

ಶ್ರೀಗಂಧದ ಕಾವಲಿನ ಒಂದು ಮೈದಾನದಿಂದ ಹೊರಟು, ಬಡಾವಣೆಯನ್ನು ಸುತ್ತಿ, ಅದೇ ಮೈದಾನಕ್ಕೆ ಮರಳುವ ಮೂರು ಕಿಲೋಮೀಟರು. ಓಟ ಎಂಬುದು ಗೌರವಾರ್ಥದ ಪ್ರಯೋಗ. ನಮ್ಮ ವಯಸ್ಸಿನವರು ಆ ಪದದ ಮರ್ಯಾದೆಗೆಂದು ಮೊದಲ ಐವತ್ತು ಹೆಜ್ಜೆ ಕುಲುಕಾಡಿ, ಬಳಿಕ ಸಹಜಸ್ಥಿತಿಗೆ ಮರಳಿದೆವು. ತಿರುವು ತಿರುವಿಗೂ ಹುಡುಗ ಹುಡುಗಿಯರು ಬಣ್ಣದ ಪುಡಿಯ ಬಕೆಟ್ಟು ಹಿಡಿದು ನಿಂತಿದ್ದರು. ಮೂವರೂ ದುಪಟ್ಟಾವನ್ನು ತಲೆಗೂ ಮೂಗಿಗೂ ಬಿಗಿದುಕೊಂಡಿದ್ದೆವು. ಪುಡಿ ಕೂತರೆ ಗಾಜಿಗೆ ಗೀರು ಬೀಳುತ್ತದೆಂದು ನಾನು ಕನ್ನಡಕ ತೆಗೆದು ಸೊಂಟದ ಚೀಲಕ್ಕೆ ಸೇರಿಸಿದೆ. ಅದಿಲ್ಲದೆ ನಾನು ಸ್ವಂತ ಮನೆಯವರನ್ನೂ ಅಂದಾಜಿನ ಮೇಲೆ ಮಾತಾಡಿಸುವವಳು.

ಎರಡನೆಯ ತಿರುವಿನಲ್ಲಿ “ಆಂಟಿ, ಕಣ್ಣು ಮುಚ್ಕೊಳ್ಳಿ” ಎಂದಿತೊಂದು ಕೊರಳು, ಮರುಕ್ಷಣವೇ ಹಸಿರು, ಅದರ ಹಿಂದೆ ಗುಲಾಬಿ. ಕೆಮ್ಮಿ ಕಣ್ಣು ಬಿಟ್ಟಾಗ ಲೋಕವೆಲ್ಲ ಕಲಸಿಹೋಗಿತ್ತು. ಪಕ್ಕದಲ್ಲಿ ಒಂದೇ ಒಂದು ಆಕೃತಿಯಿತ್ತು. ಗಿರಿಜಾ ಎಂದು ಕೈ ಹಿಡಿದುಕೊಂಡೆ.

“ಸುಶೀಲಾ ಮುಂದೆ ಹೋದ್ಲಾ? ಒಳ್ಳೇದೇ ಆಯ್ತು ಬಿಡು” ಎಂದು ಶುರುಮಾಡಿದೆ. ಧ್ವನಿವರ್ಧಕದ ಅಬ್ಬರಕ್ಕೆ ಅವಳ ಕಿವಿಯ ಹತ್ತಿರಕ್ಕೇ ಬಾಗಿ ಹೇಳಿದೆ. “ನಿನಗೂ ಹೇಳಿಲ್ಲ ಗಿರಿಜಾ. ಅವರ ಯಜಮಾನ್ರು ಆಸ್ಪತ್ರೇಲಿದ್ದಾಗ ಎರಡು ಸಲ ಅಲ್ಲಿನ ಗೇಟ್ ತನಕ ಹೋಗಿದ್ದೆ. ಒಳಗೆ ಹೋದ್ರೆ ಅವಳು ಮುಖ ತಿರುಗಿಸ್ತಾಳೇನೋ ಅಂತ ಭಯ ಆಗಿ ವಾಪಸ್ ಬಂದ್ಬಿಟ್ಟೆ. ಎರಡನೇ ಸಲ ಬಸ್‌ಸ್ಟಾಪಲ್ಲಿ ಕೂತ್ಕೊಂಡು ಅತ್ತೆ ಕಣೇ.”

ಕೈ ನನ್ನ ಕೈಯನ್ನು ಒತ್ತಿ ಹಿಡಿಯಿತು. ಅದರಿಂದ ಧೈರ್ಯ ಬಂದು, ಬೋರ್ಡಿನ ವಿಷಯ, ಅವಳಿಲ್ಲದ ಪಾರ್ಕು ಬೇಸರವಾಗುವ ವಿಷಯ, ಎಲ್ಲವನ್ನೂ ಒಂದು ಕಿಲೋಮೀಟರಿನುದ್ದಕ್ಕೂ ಹೇಳಿಕೊಂಡೆ. ಸದಾ ನಡುನಡುವೆ ಬಾಯಿ ಹಾಕುವ ಗಿರಿಜಾ ತುಟಿಪಿಟಕ್ಕೆನ್ನಲಿಲ್ಲ. ಇಷ್ಟು ವರ್ಷಕ್ಕೆ ಇವಳಿಗೂ ಕೇಳುವ ತಾಳ್ಮೆ ಬಂತಲ್ಲ ಎಂದು ಸಂತೋಷಪಟ್ಟೆ.

ಮೈದಾನದ ಗೇಟು ಹತ್ತಿರವಾದಾಗ ಅವಳು ಮೂಗಿನ ದುಪಟ್ಟಾ ಕೆಳಗೆಳೆದಳು.

“ಬೋರ್ಡ್ ನಿನಗೇ ಹಾಕಿದ್ದು. ಮೊಗ್ಗನ್ನೂ ಬಿಡ್ತಿರ್ಲಿಲ್ಲ ನೀನು” ಎಂದಳು. ಅದು ಸುಶೀಲಾಳ ಧ್ವನಿ.

ಕೈ ಬಿಡಿಸಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

“ನಾನು ಗಿರಿಜಾ ಅಲ್ಲ ಅಂದಿದ್ರೆ ಅಲ್ಲಿಗೇ ನಿಲ್ಲಿಸ್ತಿದ್ದೆ ನೀನು. ನನಗೆ ಪೂರ್ತಿ ಕೇಳ್ಬೇಕಿತ್ತು” ಎಂದಳು. “ಆಸ್ಪತ್ರೆಯಲ್ಲಿ ದಿನಾ ಬಾಗಿಲು ನೋಡ್ತಿದ್ದೆ ಕಣೇ. ನೀನು ಗೇಟ್ ತನಕ ಬಂದಿದ್ದು ಗೊತ್ತಿರ್ಲಿಲ್ಲ” ಎಂದಳು.

ಪಾಠ ಮಾಡಿ ಮಾಡಿ ಸವೆದ ನಾಲಗೆಗೆ ‘ತಪ್ಪಾಯ್ತು’ ಎಂಬ ಒಂದು ಪದವನ್ನು ಹೊರಡಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಹತ್ತು ಮಾರು ಮುಂದೆ ಮುಕ್ತಾಯದ ಗೆರೆಯಿತ್ತು. ಗಿರಿಜಾ ಅದರಾಚೆ ನಿಂತು ಎರಡೂ ಕೈ ಬೀಸಿ ನಮ್ಮನ್ನು ಕರೆಯುತ್ತಿದ್ದಳಂತೆ; ನನಗೆ ಕಾಣಲಿಲ್ಲ.

“ಮುಗೀತಾ, ಇನ್ನೂ ಇದ್ಯಾ ಹೇಳೋದು?” ಎಂದಳು ಸುಶೀಲಾ.

“ಇದೆ” ಎಂದೆ.

“ನನಗೂ ಇದೆ. ಇನ್ನೊಂದು ಸುತ್ತು ಹೋಗೋಣ ನಡಿ” ಎಂದಳು. ನಾವು ಗೆರೆ ದಾಟದೆ, ಬಂದ ದಾರಿಯಲ್ಲೇ ಹಿಂದಿರುಗಿದೆವು.