ತುಳಸಿಕಟ್ಟೆಗೆ ಇಳಿಸಿದ ತಂತಿ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕೌಲ್ ಬಜಾರಿನ ನಮ್ಮ ಮನೆಗೆ ರೇಡಿಯೋ ಬಂದದ್ದು ಅಕ್ಕನಿಗಾಗಿ. ಮದುವೆಯಾಗಿ ಮದ್ರಾಸಿಗೆ ಹೋಗಿದ್ದ ಅವಳು ಅಲ್ಲಿ ರೇಡಿಯೋದಲ್ಲಿ ಹಾಡುವವಳಿದ್ದಳು. ಅವಳ ದನಿ ಕೇಳದೆ ಅವ್ವನಿಗೆ ವರ್ಷವೇ ಕಳೆದಿತ್ತು.

ಮಾಳಿಗೆಯ ಮೇಲೆ ಏರಿಯಲ್ ಕಟ್ಟಿದ ರಿಪೇರಿಯವನು, ಸಿಡಿಲು ಬಡಿದರೆ ನೆಲಕ್ಕೆ ಇಳಿದುಹೋಗಲು ಇನ್ನೊಂದು ತಂತಿಯನ್ನು ನೆಲದಲ್ಲಿ ಹೂಳಬೇಕು, ಮಣ್ಣು ಸದಾ ಹಸಿಯಾಗಿರಬೇಕು ಎಂದ. ನಮ್ಮ ಅಂಗಳದ ತುಂಬ ಕಲ್ಲು ಚಪ್ಪಡಿ.

"ತುಳಸಿಕಟ್ಟಿ ಐತೆಲ್ಲ, ದಿನಾ ನೀರು ಹಾಕ್ತೀನಿ," ಎಂದಳು ಅವ್ವ.

"ಛಲೋ ಆತು ಬಿಡ್ರಿ ಅಮ್ಮಾ, ಇದಕ್ಕಿಂತ ತಂಪು ಜಾಗ ಎಲ್ಲೈತಿ?" ಎಂದು ಅವನೂ ತಾಮ್ರದ ತಂತಿಯನ್ನು ಅಲ್ಲಿಗೇ ಇಳಿಸಿದ.

ಕಟ್ಟೆ ಚಪ್ಪಡಿಯ ಮೇಲೆ ಕೂತಿತ್ತು. ಒಳಗಿನ ಮಣ್ಣಿಗೂ ನೆಲಕ್ಕೂ ಸಂಬಂಧವೇ ಇರಲಿಲ್ಲ. ಇದು ನನಗೆ ಹೊಳೆದದ್ದು ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಮೇಲೆ. ತಂತಿ ಸರಿಯಾಗಿ ನೆಲ ಸೇರಿದ್ದರೂ ಆಮೇಲೆ ಬಡಿದ ಸಿಡಿಲು ನಮ್ಮನ್ನು ಬಿಡುತ್ತಿತ್ತೋ ಇಲ್ಲವೋ, ಈಗಲೂ ಹೇಳಲಾರೆ.

ಹಾಡಿನ ದಿನ ಸಿರುಗುಪ್ಪದಿಂದ ಚಿಕ್ಕಮ್ಮ, ಕುರುಗೋಡಿನಿಂದ ಸೋದರತ್ತೆ ಬಂದಿದ್ದರು. ಬೇಸಿಗೆಯ ಸಂಜೆ.

"ಮನ್ಯಾಗ ಒಂದು ಆರತಿ ಹಾಡು ಅಂದ್ರ ಗಂಟಲು ಕೆಟ್ಟೈತಿ ಅಂತಿದ್ಲು. ಈಗ ನೋಡ್ರಿ, ಊರಿಗೆಲ್ಲ ಹಾಡ್ತಾಳಂತ!" ಎಂದರು ಅತ್ತೆ.

"ನಿಮ್ಮ ಮಾರಿ ನೋಡಿದ್ರ ಯಾರಿಗೆ ಹಾಡು ಬರ್ತೈತ್ರಿ?" ಎಂದು ಚಿಕ್ಕಮ್ಮ ನಗಿಸಿದರು.

ಅಷ್ಟರಲ್ಲಿ ಮೋಡ ಕವಿಯಿತು. "ಗುಡುಗಾಕ ಹತ್ತೈತಿ, ಅದನ್ನ ಬಂದ್ ಮಾಡು," ಎಂದರು ಅಪ್ಪ.

ಅವ್ವ ರೇಡಿಯೋಕ್ಕೆ ಅಡ್ಡ ನಿಂತಳು. "ಒಂದೀಟು ತಡೀರಿ, ಈಗ ಬರ್ತಾಳ. ತಂತಿ ತುಳಸಮ್ಮನ ಕಾಲಾಗ ಐತಿ, ಏನೂ ಆಗಂಗಿಲ್ಲ."

ರೇಡಿಯೋದಲ್ಲಿ ಅಕ್ಕನ ಹೆಸರು ಹೇಳಿದರು. ತಂಬೂರಿಯ ಶ್ರುತಿ ಕೇಳಿಸಿತು. ಒಮ್ಮೆಲೇ ಕೋಣೆಯೆಲ್ಲ ಬೆಳ್ಳಗಾಯಿತು. ರೇಡಿಯೋದ ಹಿಂಬದಿ ಸಿಡಿದು ಹೊಗೆ ಬಂತು, ಸುಟ್ಟ ಮೇಣದ ವಾಸನೆ. ಹೊರಗೆ ಕಟ್ಟೆ ಬಿರಿದು ಹಸಿ ಮಣ್ಣು ಚಪ್ಪಡಿಯ ಮೇಲೆ ಸುರಿದಿತ್ತು. ಯಾರಿಗೂ ಗಾಯವಾಗಲಿಲ್ಲ.

"ಹಾಡಿದ್ಲೇನು?" ಎಂದು ಅವ್ವ ಒಬ್ಬೊಬ್ಬರ ಮುಖ ನೋಡಿದಳು.

ಆ ಮಳೆಗಾಲದಲ್ಲೇ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಅವಳು ಮತ್ತೆ ರೇಡಿಯೋದಲ್ಲಿ ಹಾಡಿರಲಿಲ್ಲ.

ಮೊದಮೊದಲು ಅವ್ವ, ಆ ಸಂಜೆ ಒಂದು ಚೂರು ಆಲಾಪ ಕೇಳಿದೆ ಅನ್ನುತ್ತಿದ್ದಳು. ಆಮೇಲೆ ಪಲ್ಲವಿಯೂ ಸೇರಿತು. ಕೆಲವು ವರ್ಷಗಳಲ್ಲಿ ಇಡೀ ಹಾಡನ್ನೇ ಕೇಳಿದ್ದಳು. ರೊಟ್ಟಿ ಬಡಿಯುತ್ತ ಅದನ್ನು ಸಣ್ಣಗೆ ಹಾಡಿಕೊಳ್ಳುವಳು. "ಹಿಂಗ ಹಾಡಿದ್ಲು, ಅಲ್ಲೇನ?" ಎಂದು ಕೇಳಿದರೆ ಚಿಕ್ಕಮ್ಮ ತಲೆ ಎತ್ತದೆ, "ಹೌದಕ್ಕ," ಅನ್ನುವರು.

ನಾನು ಕೇಳಿದ್ದು ಶ್ರುತಿಯಷ್ಟೇ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ. ಈಗ ನನಗೂ ಆ ಹಾಡು ಪೂರ್ತಿ ಕೇಳಿಸುತ್ತದೆ, ಅವ್ವನ ದನಿಯಲ್ಲಿ. ಅಕ್ಕನ ದನಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.